ಸರಾಸರಿ ಸೊನ್ನೆ

"ವಿಚಾರ ಮಾಡು. ಅವಸರ ಏನಿಲ್ಲ, ಸಂಜಿಕಿ ಹೇಳಿದ್ರ ಆತು," ಎಂದು ಅಂಬರೀಷ ಬೆಳಿಗ್ಗೆ ಚಹಾದ ಕಪ್ಪು ಕೆಳಗಿಡುತ್ತ ಹೇಳಿದ್ದ. ಕಪ್ಪನ್ನು ಸದ್ದಾಗದಂತೆ ಇಟ್ಟಿದ್ದ. ಗಂಡನ ಈ ಸದ್ದಿಲ್ಲದ ಗುಣವನ್ನೇ ಮದುವೆಯಾದ ಹೊಸತರಲ್ಲಿ ಸಪ್ನಾ ಮೆಚ್ಚಿಕೊಂಡಿದ್ದಳು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ದಿನವಿಡೀ ಹೋಯ್ ಹೋಯ್ ಎಂದು ಕೂಗುವ ಅಪ್ಪ, ಅಣ್ಣನ ನಡುವೆ ಬೆಳೆದವಳಿಗೆ ಮೆತ್ತಗೆ ಮಾತಾಡುವ ಗಂಡಸೊಬ್ಬ ಸಿಕ್ಕಿದ್ದೇ ದೊಡ್ಡ ಸಂಗತಿಯಾಗಿತ್ತು. ಈಗ ಹುಮನಾಬಾದಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಒಂದು ಕಾಲು ಗಿಡ್ಡವಾದ ಕುರ್ಚಿಯಲ್ಲಿ ಕೂತು, ಆ ಕಪ್ಪು ಒಂದಿಷ್ಟು ಸದ್ದು ಮಾಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಳ್ಳುತ್ತಿದ್ದಳು. ಒಡೆದಿದ್ದರಂತೂ ಇನ್ನೂ ಚೆನ್ನಾಗಿತ್ತು. ಚೂರು ಆರಿಸುವ ನೆಪದಲ್ಲಾದರೂ ಇಬ್ಬರೂ ಒಟ್ಟಿಗೆ ನೆಲಕ್ಕೆ ಬಗ್ಗುತ್ತಿದ್ದರು. ಅವನು ಹೇಳಿದ್ದು ಇಷ್ಟೇ: ನೀನು ಘಾಟಬೋರಾಳದಲ್ಲಿ, ನಿನ್ನ ತವರಿನಲ್ಲೇ ಇದ್ದುಬಿಡು, ಕಾಲೇಜಿಗೆ ಅಲ್ಲಿಂದಲೇ ಹೋಗಿ ಬಾ, ನಾನು ರಾಜೇಶ್ವರದ ಮನೆಯಲ್ಲಿರುತ್ತೇನೆ, ನನ್ನದೇನು, ಹೇಗೋ ನಡೆಯುತ್ತದೆ. "ಅಲ್ಲಿ ನಿನಗ ಮಂದಿ ಅದಾರ. ಆ ಕೂಸೂ ಅದ," ಎಂದು ಕೊನೆಗೊಂದು ಮಾತು ಸೇರಿಸಿದ್ದ. ಬಿಡುತ್ತೇನೆ ಎಂದಿರಲಿಲ್ಲ, ಬೇಡವಾಗಿದ್ದೀ ಎಂದಿರಲಿಲ್ಲ. ಆದರೆ ಒಮ್ಮೆ ಅವಳ ಟ್ರಂಕು ಘಾಟಬೋರಾಳಕ್ಕೆ ಹೋದರೆ ಅದು ತಿರುಗಿ ಬರುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿರಬೇಕು.

ಆ ಕೂಸೂ ಅದ. ಬಸ್ಸಿನಲ್ಲಿ, ಮೊದಲ ಪೀರಿಯಡ್ಡಿನಲ್ಲಿ, ಬೋರ್ಡಿನ ಮೇಲೆ ಓಮ್‌ನ ನಿಯಮ ಬರೆಯುವಾಗ, ಎಲ್ಲೆಲ್ಲೂ ಆ ಮಾತೇ ಕಿವಿಯಲ್ಲಿತ್ತು. ಹೇಳುವಾಗ ಅವನ ದನಿ ಏರಿತ್ತೇ, ಇಳಿದಿತ್ತೇ, ಚುಚ್ಚುವುದಕ್ಕೆಂದೇ ಹೇಳಿದನೇ ಎಂದು ಅವಳು ಮತ್ತೆ ಮತ್ತೆ ಅಳೆದು ನೋಡಿದಳು. ಏರಿರಲಿಲ್ಲ, ಇಳಿದಿರಲಿಲ್ಲ. ಎರಡು ವರ್ಷಗಳಿಂದ ಆ ಮನೆಯಲ್ಲಿ ಯಾರ ದನಿಯೂ ಏರಿಲ್ಲ. "ನಿಮ್ಮಂಥ ಜೋಡಿ ನಾ ನೋಡಿಲ್ರಿ ಸಪ್ನಾ ಮೇಡಂ," ಎಂದಳು ಎದುರಿಗೆ ಕೂತ ಹಿಂದಿ ಉಪನ್ಯಾಸಕಿ ರತ್ನಮಾಲಾ, ಡಬ್ಬಿ ತೆಗೆಯುತ್ತ. "ನಮ್ಮ ಮನ್ಯಾಗ ಮುಂಜಾನೆ ಎದ್ದ ಕೂಡಲೆ ಶುರು ಆಗ್ತದ. ನಿಮ್ಮದು ಒಂದ ದಿನಾನೂ ಜಗಳ ಕೇಳಿಲ್ಲ. ಏನ್ ಮಂತ್ರ ಹಾಕೀರಿ?" ಸಪ್ನಾ ನಕ್ಕಳು. ಇಂಥ ಮಾತಿಗೆ ನಗಲು ಅವಳ ಬಳಿ ಒಂದು ನಗೆ ತಯಾರಿರುತ್ತಿತ್ತು. ಡಬ್ಬಿಯ ಮುಚ್ಚಳ ತೆಗೆದವಳು ಮಾತ್ರ ಹಾಗೇ ಮುಚ್ಚಿಟ್ಟಳು.

ಭೂಮಿಗೆ ಒಂದು ಬಾಲವಿದೆ. ಕ್ಲಾಸಿನಲ್ಲಿ ಹೀಗೆಂದರೆ ಹುಡುಗರು ಗೊಳ್ಳೆಂದು ನಗುತ್ತಾರೆ; ಅವ್ವನಿಗೆ ಹೇಳಿದಾಗ ಅವ್ವ ಮಾತ್ರ ನಗದೆ, ಎಷ್ಟು ಉದ್ದ ಎಂದು ಕೇಳಿದ್ದಳು. ಸೂರ್ಯನಿಂದ ಹಗಲೂ ಇರುಳೂ ಬೀಸುವ ವಿದ್ಯುತ್ ಕಣಗಳ ಗಾಳಿಯು ಭೂಮಿಯ ಕಾಂತಕ್ಷೇತ್ರವನ್ನು ಹಿಂದಕ್ಕೆ ಎಳೆದು, ಕತ್ತಲ ಬದಿಗೆ, ಚಂದ್ರನನ್ನೂ ದಾಟಿ ಚಾಚಿಬಿಟ್ಟಿದೆ. ಆ ಬಾಲದೊಳಗೆ ಪ್ಲಾಸ್ಮಾ ಇದೆ: ಪರಮಾಣುಗಳು ಒಡೆದು, ಅಯಾನು ಬೇರೆ ಎಲೆಕ್ಟ್ರಾನು ಬೇರೆಯಾಗಿ ಅಲೆಯುವ, ಇದೆ ಎನ್ನಲೂ ಸಂಕೋಚವಾಗುವಷ್ಟು ತೆಳುವಾದ ಒಂದು ಬಿಸಿ. ಅಲ್ಲಿ ನೌಕೆಯೊಂದು ಒಂಟಿಯಾಗಿ ಸುತ್ತುತ್ತ, ತನ್ನ ಮೈಗೆ ಬಂದು ತಾಗುವ ಅಯಾನುಗಳು ಯಾವ ಕಡೆಯಿಂದ ಬಂದವು, ಎಷ್ಟು ವೇಗದಲ್ಲಿ ಬಂದವು ಎಂದು ಎಣಿಸಿ ಕೆಳಗೆ ಕಳಿಸುತ್ತದೆ. ಯಾವುದೋ ದೂರದ ದೇಶದವರು ಹಾರಿಸಿದ್ದು. ಅದು ಕಳಿಸಿದ ಅಂಕಿಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಮೊಬೈಲಿನ ಹಾಟ್‌ಸ್ಪಾಟ್ ಕೈಕೊಡದಿದ್ದರೆ ಹುಮನಾಬಾದಿನಲ್ಲೂ. ಆ ಅಯಾನುಗಳ ಹರಿವೇ ಸಪ್ನಾಳ ಪಿಎಚ್‌ಡಿ. ಅತಿಥಿ ಉಪನ್ಯಾಸಕಿಗೆ ಪಿಎಚ್‌ಡಿ ಯಾತಕ್ಕೆ ಎಂದು ಕೇಳದವರಿಲ್ಲ. ಅವಳಿಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಮಗು ಹೋದ ಮೇಲೆ, ಸಂಜೆಯ ಹೊತ್ತು ಎಲ್ಲಿ ನೋಡಬೇಕೆಂದು ತಿಳಿಯದ ಕಣ್ಣಿಗೆ ಅಷ್ಟು ದೂರದ ಜಾಗವೊಂದು ಬೇಕಾಗಿತ್ತು. ಲ್ಯಾಪ್‌ಟಾಪಿನ ಪರದೆಯ ಮೇಲೆ ನೀಲಿ, ಹಸಿರು, ಕೆಂಪು ಪಟ್ಟಿಗಳು ಹರಿಯುವುದನ್ನು ನೋಡುತ್ತ ಕೂತರೆ ಅಡಿಗೆಮನೆ ತೇಲುತ್ತಿರುವಂತೆ, ತಾನೂ ಯಾವುದೋ ಕತ್ತಲಲ್ಲಿ ಮೆಲ್ಲಗೆ ತಿರುಗುತ್ತಿರುವಂತೆ ಅನ್ನಿಸಿ, ಕುಕ್ಕರಿನ ಸೀಟಿ ಎಲ್ಲಿಂದಲೋ ಬಂದು ಕರೆಯುತ್ತಿತ್ತು.

ಮಧ್ಯಾಹ್ನ ಗೈಡ್ ಸರ್ ಕಲಬುರಗಿಯಿಂದ ಫೋನು ಮಾಡಿದರು. ಸ್ಟಾಫ್ ರೂಮಿನಲ್ಲಿ ಸಿಗ್ನಲ್ ಹಿಡಿಯದೆ ಅವಳು ವರಾಂಡದ ಕೊನೆಗೆ, ನೀರಿನ ಟಾಕಿಯ ಹತ್ತಿರ ಹೋಗಿ ನಿಂತಳು. "ನಿನ್ನ ಅಂಕಿಗಳಾಗ ಆ ನಡುವಿನ ತುಣುಕು ತೆಗೆದುಬಿಡಮ್ಮ," ಎಂದರು. "ಸರಾಸರಿ ವೇಗ ಸೊನ್ನಿ ಹತ್ರಾನೇ ಅದ. ಅಲ್ಲೇನೂ ನಡದಿಲ್ಲ, ಶಾಂತ ಅದ. ಶಾಂತ ಇದ್ದದ್ದರ ಬಗ್ಗೆ ಯಾರ್ ಓದ್ತಾರ? ಅದನ್ನ ತೆಗೆದ್ರ ನಿನ್ನ ಅಧ್ಯಾಯ ಮುಗೀತದ." ಅವಳು "ಹೌದ್ರಿ ಸರ್, ಹೌದ್ರಿ," ಎಂದಳು. ಅವರು ಕೆಟ್ಟವರಲ್ಲ, ಎಷ್ಟೋ ವಿದ್ಯಾರ್ಥಿಗಳನ್ನು ದಡ ಮುಟ್ಟಿಸಿದವರು. ವಾಪಸು ಬಂದರೆ ಅವಳ ಕುರ್ಚಿಯಲ್ಲಿ ಕಾಯಂ ಉಪನ್ಯಾಸಕರೊಬ್ಬರು ಕೂತು ಪೇಪರು ಓದುತ್ತಿದ್ದರು. ಗಿಡ್ಡ ಕಾಲಿನ ಕುರ್ಚಿ ಎಂದು ಹೇಳೋಣವೇ ಎಂದುಕೊಂಡು ಹೇಳಲಿಲ್ಲ. ಗೋಡೆಗೊರಗಿ ನಿಂತು, ಶಾಂತ ಅದ, ಶಾಂತ ಅದ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಅವರು ಒಮ್ಮೆ ಕುರ್ಚಿಯ ಜೊತೆಗೆ ವಾಲಿ, ಅವಳನ್ನೇ ತಪ್ಪಿತಸ್ಥೆಯಂತೆ ನೋಡಿದರು.

ಖಾಲಿಯಿದ್ದ ಮಬ್ಬು ಕ್ಲಾಸೊಂದರಲ್ಲಿ, ಹಿಂದಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ತೆಗೆಯುವ ಮುಂಚೆ ಒಮ್ಮೆ ನೋಡೋಣವೆಂದು, ಸರಾಸರಿಯನ್ನು ಬದಿಗಿಟ್ಟು, ಆ ತುಣುಕಿನ ಅಯಾನುಗಳನ್ನು ಅವು ಬಂದ ದಿಕ್ಕಿನ ಪ್ರಕಾರ ಬಿಡಿಸಿ ಹರಡಿದಳು. ಪರದೆ ನಿಧಾನವಾಗಿ ತುಂಬಿತು. ನಡುವೆ, ಸೊನ್ನೆ ಇರಬೇಕಾದಲ್ಲಿ, ಹೆಚ್ಚೇನೂ ಇರಲಿಲ್ಲ. ಸೊನ್ನೆಯ ಈಚೆಗೊಂದು ಆಚೆಗೊಂದು, ಎರಡು ಕೆಂಪು ಗುಂಪುಗಳಿದ್ದವು. ಒಂದು ಭೂಮಿಯತ್ತ ಸೆಕೆಂಡಿಗೆ ನೂರಾರು ಮೈಲಿ ಧಾವಿಸುತ್ತಿತ್ತು. ಇನ್ನೊಂದು ಅಷ್ಟೇ ಜೋರಾಗಿ ಭೂಮಿಗೆ ಬೆನ್ನು ಹಾಕಿ ಓಡುತ್ತಿತ್ತು. ಒಂದೇ ಜಾಗ, ಒಂದೇ ಹೊತ್ತು. ಪ್ಲಾಸ್ಮಾ ಅಷ್ಟು ತೆಳುವಾಗಿದ್ದರಿಂದ ಒಂದಕ್ಕೊಂದು ಡಿಕ್ಕಿಯೂ ಇಲ್ಲ, ಮಾತೂ ಇಲ್ಲ. ಕೂಡಿಸಿ ಭಾಗಿಸಿದರೆ ಸೊನ್ನೆ. ಹೀಗಾಗುತ್ತದೆಂದು ಪುಸ್ತಕದಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ತಗೊಂಡಿದ್ದಳು. ತನ್ನದೇ ಅಂಕಿಗಳಲ್ಲಿ ನೋಡಬೇಕೆಂದು ಮಾತ್ರ ಹೊಳೆದಿರಲಿಲ್ಲ. ಬೆನ್ನು ಹಾಕಿದ ಗುಂಪು ಬೇರೆಯದೇನಲ್ಲ. ಮುಂಚೆ ಭೂಮಿಯತ್ತ ಹೋದವೇ ಅವು. ಹತ್ತಿರ ಹೋದಂತೆಲ್ಲ ಕಾಂತಕ್ಷೇತ್ರ ಬಿಗಿಯಾಗುತ್ತ, ಒಳಗೆ ಬಿಡದೆ, ಬಂದ ದಾರಿಯಲ್ಲೇ ತಿರುಗಿಸಿ ಕಳಿಸಿರುತ್ತದೆ. ಸಪ್ನಾ ಬೆಂಚಿನ ಮೇಲೆ ಗಲ್ಲವಿಟ್ಟು ಆ ಎರಡು ಕೆಂಪುಗಳನ್ನು ನೋಡುತ್ತಲೇ ಇದ್ದಳು.

ಎರಡು ವರ್ಷದ ಹಿಂದೆ, ಘಾಟಬೋರಾಳದ ಮನೆಯ ಒಳಕೋಣೆಯಲ್ಲೂ ಇಂಥದೇ ಮಬ್ಬಿತ್ತು. ಹಡೆದು ಮೂರನೆಯ ದಿನದ ನಸುಕಿನಲ್ಲಿ ಕೂಸು ಜೀವ ಬಿಟ್ಟಿತ್ತು, ಹೆಣ್ಣು ಕೂಸು, ಹೆಸರಿನ್ನೂ ಇಟ್ಟಿರಲಿಲ್ಲ. ಗಂಡಸರು ಒಯ್ದರು, ಬಂದು ಸ್ನಾನ ಮಾಡಿದರು. ಅವಳ ಎದೆಗೆ ಮಾತ್ರ ಯಾರೂ ಸುದ್ದಿ ಹೇಳಿರಲಿಲ್ಲ. ಹಾಲು ಕಟ್ಟಿ, ಕಲ್ಲಿನಂತಾಗಿ, ಜ್ವರ ಬಂದು ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು. ಅವ್ವ ಸಖುಬಾಯಿ ಕುರಿಗಳ ನಡುವೆಯೇ ಮುದುಕಿಯಾದವಳು. ಆ ಹೊತ್ತಿಗೆ ಅವಳಿಗೆ ತಿಳಿದದ್ದು ಒಂದೇ ಉಪಾಯ. ಮರಿ ಸತ್ತ ಕುರಿ ಬೇರೆ ಮರಿಯನ್ನು ಹತ್ತಿರ ಸೇರಿಸುವುದಿಲ್ಲ, ಒದೆಯುತ್ತದೆ. ಆಗ ಸತ್ತ ಮರಿಯ ತೊಗಲು ಸುಲಿದು ತಬ್ಬಲಿ ಮರಿಯ ಬೆನ್ನಿಗೆ ಕಟ್ಟುತ್ತಾರೆ. ಕುರಿ ಮೂಸುತ್ತದೆ, ತನ್ನದೇ ವಾಸನೆ, ಹಾಲು ಬಿಡುತ್ತದೆ. ಅಣ್ಣ ಅಮೃತನ ಹೆಂಡತಿ ಉಮಾದೇವಿಗೂ ಆಗಷ್ಟೇ ಹೆರಿಗೆಯಾಗಿತ್ತು, ಅವಳ ಕೂಸಿಗೆ ಹಾಲು ಸಾಲುತ್ತಿರಲಿಲ್ಲ. ಸಖುಬಾಯಿ ಆ ಕೂಸಿಗೆ, ತಲೆ ಬೆನ್ನು ಮುಚ್ಚುವಂತೆ, ಸತ್ತ ಕೂಸಿನ ಬಟ್ಟೆಯ ಕುಂಚಿಗೆಯನ್ನು ಹಾಕಿ ತಂದಳು. "ಎದಿ ಕಲ್ಲಾಗ್ಯಾದ ನೋಡು. ಕೊಡವ್ವಾ ಇದಕ್ಕ. ನಿನ್ನದೇ ಅನ್ಕೊ," ಎಂದು ಮಗ್ಗುಲಿಗೆ ಹಾಕಿದಳು. ಸಪ್ನಾ ಹುಡುಗಿಯಾಗಿದ್ದಾಗ ತಾನೇ ಮರಿಗಳಿಗೆ ತೊಗಲು ಕಟ್ಟಿದವಳು. ಕುಂಚಿಗೆ ಕಂಡ ಕೂಡಲೇ ಅವ್ವ ಏನು ಮಾಡುತ್ತಿದ್ದಾಳೆಂದು ತಿಳಿದುಹೋಯಿತು. ಕುರಿ ಮೋಸ ಹೋಗುತ್ತದೆ. ಅವಳು ಹೋಗಲಿಲ್ಲ, ಅವಳ ಹಾಲು ಮೋಸ ಹೋಯಿತು. ಕೂಸು ಬಾಯಿ ಹಾಕಿದಾಗ ನೋವು ಹನಿಹನಿಯಾಗಿ ಇಳಿಯುತ್ತ, ಮೈಯೆಲ್ಲ ಹಗುರಾಗಿ, ಅವಳಿಗೆ ಸುಖವಾಯಿತು. ಅದಕ್ಕಾಗಿಯೇ ಅವಳು ಇವತ್ತಿಗೂ ತನ್ನನ್ನು ತಾನು ಕ್ಷಮಿಸಿಕೊಂಡಿಲ್ಲ. ಅಂಥ ಸುಖದಲ್ಲಿ ಕಣ್ಣು ತೆರೆದಾಗ ಬಾಗಿಲಲ್ಲಿ ಅಂಬರೀಷ ನಿಂತಿದ್ದ. ಕೂಸಿನ ಐದನೆಯ ದಿನದ ಪೂಜೆಗೆಂದು ಅವನ ತಾಯಿ ಮೊದಲೇ ಕಟ್ಟಿಟ್ಟಿದ್ದ ಅಂಟಿನುಂಡಿಯ ಚೀಲ ಅವನ ಕೈಯಲ್ಲಿತ್ತು. ಬಾಣಂತಿ ತಿನ್ನಲೇಬೇಕಲ್ಲ ಎಂದು ಕಳಿಸಿದ್ದರು. ಅವನು ಕುಂಚಿಗೆಯನ್ನು ನೋಡಿದ, ಕೂಸನ್ನು ನೋಡಿದ, ಅವಳ ಮುಖ ನೋಡಿದ. ಚೀಲವನ್ನು ಹೊಸ್ತಿಲ ಒಳಗೆ ಸದ್ದಾಗದಂತೆ ಇಟ್ಟು ಹೊರಗೆ ಹೋದ. ಅವತ್ತಿನಿಂದ ಇವತ್ತಿನವರೆಗೆ ಇಬ್ಬರೂ ಅದರ ಬಗ್ಗೆ ಒಂದು ಮಾತು ಆಡಿಲ್ಲ. ಕೂಸು ಸತ್ತು ಎರಡು ದಿನಕ್ಕೆ ಇನ್ನೊಂದನ್ನು ಎದೆಗೆ ಹಚ್ಚಿಕೊಂಡು ಸುಖವಾಗಿದ್ದಾಳೆ ಎಂದು ಅವನಿಗೆ ಅನ್ನಿಸಿರಬೇಕು. ಅವನಿಗೆ ಅನ್ನಿಸದಿದ್ದರೂ ಅವಳಿಗೆ ಅನ್ನಿಸಿತ್ತು.

ಸಂಜೆಯ ಬಸ್ಸು ಬಸವಕಲ್ಯಾಣಕ್ಕೆ ಹೋಗುವುದು. ರಾಜೇಶ್ವರ ನಡುವೆ ಬರುತ್ತದೆ. ಕಂಡಕ್ಟರು ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟು ಹರಿದು ಕೊಟ್ಟ. ಕಿಟಕಿಯಾಚೆ ತೊಗರಿ ಹೊಲಗಳು, ಕೆಂಪು ಮಣ್ಣು, ಹೊಗೆಯಂಥ ಬಿಸಿಲು. ಪ್ರತಿ ದಿನ ಬೆಳಿಗ್ಗೆ ರಾಜೇಶ್ವರದ ಸ್ಟ್ಯಾಂಡಿನಲ್ಲಿ ಗಂಡಹೆಂಡತಿ ಇಬ್ಬರೂ ಹೆದ್ದಾರಿಯ ಈಚೆಗೊಬ್ಬರು ಆಚೆಗೊಬ್ಬರು ನಿಲ್ಲುತ್ತಾರೆ. ಅವಳು ಹುಮನಾಬಾದಿನ ಬಸ್ಸಿಗೆ, ಅವನು ಬಸವಕಲ್ಯಾಣದ ಬಸ್ಸಿಗೆ. ಅಲ್ಲಿ ಅವನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಶಾಲೆಯಲ್ಲಿ ಕೆಲಸ ಜಾಸ್ತಿ ಎಂದು ದಿನವೂ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಾನೆ. ಡ್ರಾಯಿಂಗ್ ಮಾಸ್ತರನಿಗೆ ಅಂಥ ಕೆಲಸ ಏನಿರುತ್ತದೆ ಎಂದು ಅವಳು ಕೇಳಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂಬ ಹೆದರಿಕೆ. ಅಯಾನುಗಳಿಗೂ ರಾಜೇಶ್ವರದ ಮನೆಗೂ ಏನು ಸಂಬಂಧ, ಎಲ್ಲವನ್ನೂ ಎಲ್ಲದಕ್ಕೂ ಗಂಟು ಹಾಕುವ ಚಟ ಬಿಡು ಎಂದು ತನ್ನನ್ನೇ ಬೈದುಕೊಂಡಳು. ಸಂಜಿಕಿ ಹೇಳು ಎಂದಿದ್ದಾನೆ, ಏನು ಹೇಳುವುದು? ಹೋಗುತ್ತೇನೆ ಎನ್ನಲು ನಾಲಿಗೆ ಏಳದು, ಹೋಗುವುದಿಲ್ಲ ಎನ್ನಲು ಮುಖವಿಲ್ಲ. ಬಸ್ಸಿನ ಗಡಗಡ ತೊಡೆಗಳಿಂದ ಬೆನ್ನಿಗೆ, ಬೆನ್ನಿನಿಂದ ತಲೆಗೆ ಏರಿತು. ಕತ್ತಲಲ್ಲಿ ಅವಳು ತೇಲುತ್ತಿದ್ದಳು. ಎರಡೂ ಕಡೆಯಿಂದ ಏನೋ ಬೆಚ್ಚಗಿನದು ಬಂದು ಮೈಯನ್ನು ಹಾಯ್ದು ಹೋಗುತ್ತಿತ್ತು, ಯಾವುದೂ ನಿಲ್ಲುತ್ತಿರಲಿಲ್ಲ. ಯಾರೋ ದೂರದಿಂದ ಹೆಸರಿಲ್ಲದೆ ಕರೆಯುತ್ತಿದ್ದರು. ಓಗೊಡಬೇಕೆಂದು ಬಾಯಿ ತೆರೆದರೆ ಅಲ್ಲಿ ದನಿ ಹೊರಲು ಗಾಳಿಯೇ ಇರಲಿಲ್ಲ.

"ಏಳ್ರಿ ಮೇಡಂ, ಕಲ್ಯಾಣ ಬಂತು. ರಾಜೇಶ್ವರ ಹೋಗಿ ಯಾ ಕಾಲ ಆತು," ಎನ್ನುತ್ತಿದ್ದ ಕಂಡಕ್ಟರು. "ಎಬ್ಬಿಸಿದೆ, ಹ್ಞೂಂ ಅಂದ್ರಿ, ಮತ್ತ ಮಲ್ಕೊಂಡ್ರಿ." ಅವಳು ಗಾಬರಿಯಾಗಿ ಪರ್ಸು ಹುಡುಕತೊಡಗಿದಾಗ ನಕ್ಕ. "ಬಿಡ್ರಿ, ಎಲ್ಲಿಗಿ ಹೋದ್ರೂ ನಿಮ್ಮದು ಸೊನ್ನಿನೇ." ಜನರೆಲ್ಲ ನಕ್ಕರು. ನಾಚಿಕೆಯಿಂದ ಕಿವಿ ಬಿಸಿಯಾಗಿ ಅವಳು ಇಳಿದು, ಕಬ್ಬಿನ ರಸದ ಬಂಡಿಯ ಪಕ್ಕ ನಿಂತು ಕಣ್ಣುಜ್ಜಿಕೊಂಡಳು. ಆಗ ಅಂಬರೀಷ ಕಂಡ. ಸ್ಟ್ಯಾಂಡಿನ ಆಚೆ ತುದಿಯ ಕಲ್ಲುಬೆಂಚಿನ ಮೇಲೆ, ತೊಡೆಯ ಮೇಲೆ ಚೀಲವಿಟ್ಟುಕೊಂಡು, ಚೀಲದ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದ. ಹುಮನಾಬಾದಿನ ಬಸ್ಸು ಬಂದು ನಿಂತಿತು. ಅವನು ಅದರ ಬೋರ್ಡು ಓದಿದ. ಜನ ಹತ್ತಿದರು, ಬಸ್ಸು ಹೋಯಿತು, ಅವನು ಕೂತೇ ಇದ್ದ. ಮುಂದಿನದೂ ಬಂತು, ಹೋಯಿತು. ಶಾಲೆಯ ಕೆಲಸ ಎಂದರೆ ಇದು. ಇಷ್ಟು ದಿನ ಹತ್ತಿರದಿಂದ ನೋಡಿದ ಗಂಡನನ್ನು ಅವಳು ದೂರದಿಂದ ನೋಡುತ್ತಿದ್ದುದು ಇದೇ ಮೊದಲು. ಕಾಲರು ಸವೆದಿತ್ತು, ಕಿವಿಯ ಹತ್ತಿರ ಬಿಳಿ ಕೂದಲಿತ್ತು. ಮನೆಗೆ ಬರಲು ಹೆದರಿ ಕೂತ ಮನುಷ್ಯನನ್ನು ಕಂಡು ಅವಳಿಗೆ ಅಳು ಬಂತು.

ಹೋಗಿ ಪಕ್ಕದಲ್ಲಿ ಕೂತಳು. "ಬಸ್ ಹೋತಲ್ರಿ."

ಅವನು ಬೆಚ್ಚಿದ. "ನೀ ಇಲ್ಲಿ ಹ್ಯಾಂಗ?"

"ನಿದ್ದಿ ಹತ್ತಿತ್ರಿ. ಊರು ದಾಟಿ ಬಂದ್ಬಿಟ್ಟೆ. ನೀವು ದಿನಾ ಹಿಂಗ ಕೂಡ್ತೀರೇನು?"

ಅವನು ಇಲ್ಲವೆನ್ನಲು ಹೊರಟವನು ಚೀಲವನ್ನು ಹತ್ತಿರಕ್ಕೆಳೆದುಕೊಂಡ. "ಮನಿಗಿ ಹೋಗಾಕ ಕಾಲ ಏಳಂಗಿಲ್ಲ," ಎಂದ. "ನೀ ಏನ್ ವಿಚಾರ ಮಾಡಿದಿ?"

ಅವಳು ಯೋಚಿಸಿ ಏನೂ ಇಟ್ಟುಕೊಂಡಿರಲಿಲ್ಲ. ಬಾಯಿ ತೆರೆದಾಗ ಬಂದದ್ದು ಬೇರೆಯೇ ಮಾತು. "ಅವತ್ತು ನೀವು ಬಾಗಲದಾಗ ನಿಂತಿದ್ರಿ. ಅದು ನಮ್ಮ ಕೂಸಲ್ಲಂತ ನನಗ ಗೊತ್ತಿತ್ರಿ. ಅವ್ವ ಕುಂಚಗಿ ಹಾಕಿ ತಂದ್ಳು, ನಮ್ಮಲ್ಲಿ ಕುರಿಗಿ ಹಂಗ ಮಾಡ್ತಾರ, ಆಕಿಗಿ ಬ್ಯಾರೆ ತಿಳೀಲಿಲ್ಲ. ನಾ ಮರ್ತು ಕೊಟ್ಟಿದ್ದಲ್ಲ. ಒಂದು ದಿನಾನೂ ಮರ್ತಿಲ್ಲ. ನಿಮಗ ಸಿಟ್ಟಿದ್ರ ಬೈರಿ, ಎರಡು ಹೊಡೀರಿ ಬೇಕಾದ್ರ. ಹಿಂಗ ಮೆತ್ತಗ ಮಾತಾಡಿ ತವರಿಗಿ ಕಳಸಬ್ಯಾಡ್ರಿ." ಪಕ್ಕದ ಬೆಂಚಿನ ಹೆಂಗಸು ತಿರುಗಿ ನೋಡಿದಳು. ತನ್ನ ದನಿ ಅಪ್ಪನ ದನಿಯಂತೆ ಏರಿದೆ ಎಂದು ಸಪ್ನಾಳಿಗೆ ಆಗ ಗೊತ್ತಾಯಿತು.

ಅಂಬರೀಷ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದ. "ಸಿಟ್ಟು ಯಾರಿಗದ?" ಎಂದ. "ಕೂಸಿಗಿ ಒಯ್ಯುವಾಗ ಆ ಕುಂಚಗಿ ಹುಡುಕಿದೆ ನಾ. ಸಿಗಲಿಲ್ಲ. ನನ್ನ ಟಾವೆಲ್‌ನಾಗ ಸುತ್ತಿದೆ. ಆಮ್ಯಾಲ ಬಾಗಲದಾಗ ನಿಂತು ನೋಡಿದೆ, ನಿನ್ನ ಮಾರಿ ಮ್ಯಾಲ ಒಂದು ಸಮಾಧಾನ ಇತ್ತು. ಹೊಟ್ಟಿಕಿಚ್ಚು ಬಂತು ನನಗ, ಸಪ್ನಾ. ಸಿಟ್ಟಲ್ಲ. ನಿನಗ ಹಿಡ್ಕೊಳ್ಳಾಕ ಒಂದು ಕೂಸು ಕೊಟ್ರು. ನನಗ ಚಾ ಕೊಟ್ರು."

ಎರಡು ವರ್ಷ ಅವನ ಮೌನವನ್ನು ಅವಳು ತನ್ನ ಮೇಲಿನ ದೂರು ಎಂದೇ ಓದಿಕೊಂಡು ಬಂದಿದ್ದಳು.

"ಐದನೇ ದಿನದ ಪೂಜಿ ಆಗೂತನಕ ಗಂಡಸರು ಕೂಸಿಗಿ ಮುಟ್ಟಂಗಿಲ್ಲ ಅಂದಿದ್ರು," ಎಂದ ಅವನು, ಎದುರಿನ ಖಾಲಿ ಪ್ಲಾಟ್‌ಫಾರ್ಮಿಗೆ ಹೇಳುವವನಂತೆ. "ನಾ ಎತ್ಕೊಂಡಿದ್ದು ಒಂದ ಸಲ. ಒಯ್ಯುವಾಗ. ಹಾದ್ಯಾಗ ನಿಮ್ಮಣ್ಣ ಕೇಳಿದ, ಕೈ ಸೋತಿರಬೇಕು, ನನಗ ಕೊಡ್ರಿ ಅಂತ. ಎಲ್ಲಿ ಸೋಲ್ತಾವ, ಏನ್ ಭಾರ ಇತ್ತದು. ನಾ ಕೊಡಲಿಲ್ಲ." ಅವನ ಕೈಗಳು ಚೀಲದಿಂದ ಎದ್ದು, ಹೀಗೆ ಹಿಡಿದಿದ್ದೆ ಎಂದು ತೋರಿಸಲು ಎದೆಯ ಹತ್ತಿರ ಬಂದು, ಅಲ್ಲೇ ನಿಂತವು. "ಘಾಟಬೋರಾಳದಾಗ ನಿನಗ ಆ ಕೂಸಾದ್ರೂ ಅದ. ನನ್ನ ಬಲ್ಲಿ ಏನದ ನಿನಗ ಕೊಡಾಕ? ಅದಕ್ಕ ಹೋಗು ಅಂದೆ."

ಬಸ್ಸೊಂದು ಬಂದು ನಿಂತಿತು. ರಾಜೇಶ್ವರ, ಹುಮನಾಬಾದ್ ಎಂದು ಯಾರೋ ಕೂಗಿದರು. ಇಬ್ಬರೂ ಏಳಲಿಲ್ಲ. ಹೆಂಗಸರು ಮಣ್ಣು ಮಾಡುವಲ್ಲಿಗೆ ಹೋಗುವ ಪದ್ಧತಿಯಿಲ್ಲ. ಆ ಜಾಗ ಊರ ಯಾವ ದಿಕ್ಕಿಗಿದೆ ಎಂದು ಕೇಳುವ ಧೈರ್ಯವೂ ಅವಳಿಗೆ ಇದುವರೆಗೆ ಬಂದಿರಲಿಲ್ಲ. ಅವನು ಹಾಗೇ ಹಿಡಿದುಕೊಂಡಿದ್ದ ಕೈಗಳ ಕೆಳಗೆ ಸಪ್ನಾ ತನ್ನ ಎರಡೂ ಕೈ ಕೊಟ್ಟಳು, ಭಾರ ಹಂಚಿಕೊಳ್ಳುವವಳಂತೆ.

"ಹೋಗಂಗಿಲ್ರಿ ನಾ ಎಲ್ಲಿಗೂ," ಎಂದಳು. "ಕೂಸಿಗಿ ಎತ್ಕೊಂಡು ನಮ್ಮ ಅಂಗಳದಿಂದ ಯಾವ ಕಡಿ ತಿರುಗಿದ್ರಿ, ಮೊದಲ ಅದು ಹೇಳ್ರಿ. ಪೂರಾ ಹಾದಿ ಹೇಳ್ರಿ. ನಾನೂ ಬರ್ತೀನಿ."